ಹೋಗದವಳ ತಯಾರಿ

ಗಿರಾಕಿಯ ಮನೆಯಲ್ಲಿ ನೀರು ಕುಡಿಯುವ ಮುಂಚೆ ಹೇಳಿಬಿಡಬೇಕು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಅವನು ಯಾರಿಂದಲೂ ಕಲಿಯದೆ ತಾನೇ ಕಂಡುಕೊಂಡ ನಿಯಮ ಇದೊಂದೇ. ದೇಶ ಬಿಟ್ಟು ಹೋಗುವವರ ಮನೆಗೆ ಹೋಗಿ, ಕೋಣೆ ಕೋಣೆ ತಿರುಗಿ, ಯಾವ ಸಾಮಾನು ಹಡಗು ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಅಂತ ಪಟ್ಟಿ ಬರೆಯುವುದು ಅವನ ಉದ್ಯೋಗ. ಕಂಪನಿಯಲ್ಲಿ ಅವನಿಗೆ ಪಟ್ಟಿ ಮೇಷ್ಟ್ರು ಅಂತಲೇ ಹೆಸರು. ಮನೆಯವರು ಕೊಟ್ಟ ಲೋಟ ಒಮ್ಮೆ ಕೈಗೆ ಬಂತೋ, ಕಥೆ ಮುಗಿಯಿತು. ಆಮೇಲೆ ‘ಇದು ಹೋಗಲ್ಲ’ ಅನ್ನುವ ಎರಡು ಮಾತು ಗಂಟಲಿನಿಂದ ಈಚೆ ಬರುವುದಿಲ್ಲ, ‘ನೋಡೋಣ, ಆಫೀಸಲ್ಲಿ ವಿಚಾರಿಸ್ತೀನಿ’ ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದು ಬರಬೇಕಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನು ಮೊದಲ ದಿನವೇ ಇದನ್ನು ಹೇಳಿಕೊಡುತ್ತಾನೆ. ಹೇಳಿಕೊಡುವಾಗ ಅವನ ಮುಖದಲ್ಲಿ ಸಣ್ಣ ಗತ್ತು ಕೂಡ ಇರುತ್ತದೆ. ಆ ಬೆಳಿಗ್ಗೆಯೂ ಅಷ್ಟೆ, ನಿವೃತ್ತರಾದ ಗಣಿತದ ಟೀಚರೊಬ್ಬರು ಬಾಗಿಲು ತೆಗೆದು, “ಬನ್ನಿ, ಕೂತ್ಕೊಳ್ಳಿ, ಏನು ಕುಡೀತೀರಿ” ಅನ್ನುತ್ತಿದ್ದ ಹಾಗೆಯೇ ಅವನ ಕಣ್ಣು ಬಾಲ್ಕನಿಯ ಹದಿನಾಲ್ಕು ಕುಂಡಗಳ ಮೇಲೆ ಬಿತ್ತು. ನಿಂತಲ್ಲೇ ಹೇಳಿದ.

“ಅಮ್ಮಾ, ಮೊದಲೇ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಮಣ್ಣು ಹೋಗಲ್ಲ. ಗಿಡ ಹೋಗಲ್ಲ. ಆ ತೂಗುಕುರ್ಚಿಗೆ ಹುಳ ಹಿಡಿದಿರೋ ಹಾಗಿದೆ, ಅದೂ ಹೋಗಲ್ಲ.”

“ಒಂದೇ ಒಂದು ಕುಂಡ?”

“ಒಂದು ಚಮಚ ಮಣ್ಣೂ ಬಿಡಲ್ಲ ಅಮ್ಮಾ.”

ಟೀಚರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಒಳ್ಳೇದಾಯ್ತು ಬಿಡಿ,” ಅಂದರು. “ನನ್ನ ಮಗಳು ಮೂರು ತಿಂಗಳಿಂದ ನೋಡೋಣಮ್ಮ, ನೋಡೋಣಮ್ಮ ಅಂತಾನೇ ಇದ್ದಾಳೆ. ನಾನೊಬ್ಬಳು ಬೆಪ್ಪಿ, ದಿನಾ ಎದ್ದು ನೀರು ಹಾಕ್ತಾ ಕೂತಿದ್ದೆ. ನೇರವಾಗಿ ಹೇಳೋರು ಒಬ್ಬರಾದ್ರೂ ಸಿಕ್ಕಿದ್ರಲ್ಲ, ಪುಣ್ಯ.” ಅವನು ತಲೆ ತಗ್ಗಿಸಿ ಪಟ್ಟಿ ಬರೆಯತೊಡಗಿದ. ಊಟದ ಮೇಜು, ಒಂದು. ಎಡಗಾಲಿನ ಹತ್ತಿರ ಗೀರು. ಕನ್ನಡಿ, ಒಂದು, ಚೌಕಟ್ಟು ಮುಕ್ಕು. ಪ್ರತಿಯೊಂದರ ಮುಂದೆಯೂ ಅದಕ್ಕೆ ಮೊದಲೇ ಆಗಿದ್ದ ಪೆಟ್ಟುಗಳನ್ನು ಬರೆದು ಯಜಮಾನರ ಸಹಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಆ ತುದಿಯಲ್ಲಿ ಪೆಟ್ಟಿಗೆ ಬಿಚ್ಚಿದ ಮೇಲೆ ಎಲ್ಲವೂ ಕಂಪನಿಯವರೇ ಮಾಡಿದ್ದು ಅನ್ನುತ್ತಾರೆ. ನೇರವಾಗಿ ಹೇಳುವವನು. ಟೀಚರು ಈ ಮಾತನ್ನು ಇನ್ನೂ ಎರಡು ಸಲ ಅಂದರು, ಹೋಗುವಾಗ ಬಾಗಿಲ ತನಕ ಬಂದು ಮತ್ತೊಂದು ಸಲ ಅಂದರು. ಮೆಟ್ಟಿಲಿಳಿಯುವಾಗ ಅವನಿಗೆ ಅಕ್ಕ ನೆನಪಾದಳು. ಬೆಳಿಗ್ಗೆ ಅಕ್ಕ ಮಾಡಿಕೊಟ್ಟಿದ್ದನ್ನು ತಿಂದು ಬಂದಿದ್ದ. ಅಕ್ಕ ಮಾಡಿಕೊಟ್ಟಿದ್ದನ್ನು ಮೂವತ್ತೊಂದು ವರ್ಷದಿಂದ ತಿನ್ನುತ್ತಿದ್ದಾನೆ. ಅವನ ನಿಯಮದ ಪ್ರಕಾರ ಅಕ್ಕನಿಗೆ ಏನನ್ನಾದರೂ ನೇರವಾಗಿ ಹೇಳುವ ಕಾಲ ಅವನಿಗೆ ಹನ್ನೆರಡು ವರ್ಷವಾಗಿದ್ದಾಗಲೇ ದಾಟಿಹೋಗಿತ್ತು.

ಹೇಳಬೇಕಾಗಿದ್ದುದು ಬಹಳ ದೊಡ್ಡದೇನಲ್ಲ. ಅಕ್ಕಾ, ನೀನು ನಮ್ಮ ಜೊತೆ ಬರುತ್ತಿಲ್ಲ. ಇಷ್ಟೆ. ಇದನ್ನು ಹೇಳಲು ಎಂಟು ತಿಂಗಳ ಅವಕಾಶ ಸಿಕ್ಕಿತ್ತು, ಇನ್ನು ಮೂರು ವಾರ ಉಳಿದಿತ್ತು, ಮತ್ತು ಆ ದಿನ ಮಧ್ಯಾಹ್ನ ಮೂರೂವರೆಗೆ ಅಕ್ಕನ ಆಸ್ಪತ್ರೆಯಲ್ಲಿ ಅವಳಿಗೆ ಬೀಳ್ಕೊಡುಗೆ ಇತ್ತು. ಮೂರೂವರೆಗೆ ಮುಂಚೆ ಹೇಳಿಬಿಡುತ್ತೇನೆ ಅಂತ ಹಿಂದಿನ ದಿನ ಹೆಂಡತಿಗೆ ಮಾತು ಕೊಟ್ಟಿದ್ದ. ಹೆಂಡತಿ ಮಾತು ತೆಗೆದುಕೊಂಡಿರಲಿಲ್ಲ, ಬಟ್ಟೆ ಮಡಚುತ್ತಾ, “ನಿಮ್ಮ ಅಕ್ಕ, ನಿಮ್ಮ ಬಾಯಿ,” ಅಂದಿದ್ದಳು.

ಎಂಟು ತಿಂಗಳ ಹಿಂದೆ ವೀಸಾ ಮಾಡಿಸುವ ಏಜೆಂಟು ಮಾತ್ರ ಎಷ್ಟು ಸಲೀಸಾಗಿ ಹೇಳಿದ್ದ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪಾಠ ಮಾಡುವ ಹೆಂಡತಿಗೆ ಹೊರದೇಶವೊಂದರಲ್ಲಿ ಅಂಥದೇ ಕೆಲಸ ಸಿಕ್ಕಿತ್ತು. ಅವಳ ಜೊತೆ ಯಾರು ಯಾರು ಹೋಗಬಹುದು ಅಂತ ಫಾರಂನಲ್ಲಿ ಒಂದು ಚೌಕ. ಅವಲಂಬಿತರು ಅಂತ ಅದರ ತಲೆಬರಹ. ಏಜೆಂಟು ಅದರಲ್ಲಿ ಮೊದಲು ಅವನ ಹೆಸರು ಬರೆದ, ಆಮೇಲೆ ಒಂಬತ್ತು ವರ್ಷದ ಮಗಳ ಹೆಸರು ಬರೆದ, ಆಮೇಲೆ ಪೆನ್ನಿನ ಮುಚ್ಚಳ ಹಾಕಿದ. ನಲವತ್ತಮೂರು ವರ್ಷದ ಗಂಡಸು, ಮಗಳ ಜೊತೆ ಒಂದೇ ಚೌಕದಲ್ಲಿ ಅವಲಂಬಿತ. ಪರಾವಲಂಬಿ ಅಂತ ಬರೆಯಲಿಲ್ಲವಲ್ಲ, ಅದೇ ದೊಡ್ಡದು ಅಂತ ಹೆಂಡತಿಗೆ ತಮಾಷೆ ಮಾಡಿ, ತಾನೊಬ್ಬನೇ ನಕ್ಕಿದ್ದ. “ಮತ್ತೆ ನಮ್ಮ ಅಕ್ಕ?” ಅಂತ ಕೇಳಿದಾಗ ಏಜೆಂಟು, “ಅಕ್ಕ ಅನ್ನೋದಕ್ಕೆ ಈ ಫಾರಂನಲ್ಲಿ ಜಾಗ ಇಲ್ಲ ಸಾರ್,” ಅಂದ. “ನನ್ನ ಸಾಕಿದ್ದೇ ಅವಳು.” “ಸಾಕಿದ್ದು ಸರಿ ಸಾರ್. ನಿಮ್ಮನ್ನ ನೆಚ್ಕೊಂಡಿರೋರನ್ನ ಕೇಳ್ತಾರೆ, ನೀವು ಯಾರನ್ನ ನೆಚ್ಕೊಂಡಿದ್ರಿ ಅಂತ ಕೇಳಲ್ಲ. ಅದೂ ಅಲ್ದೆ ಅವರಿಗೆ ನೌಕರಿ ಇದೆ ಅಂತೀರಿ.” ಹೇಳುವಾಗ ಏಜೆಂಟನ ಮುಂದೆ ನೀರಿನ ಲೋಟವೇನೂ ಇರಲಿಲ್ಲ. ಅವನು ಆ ಯುವಕನನ್ನು ಕೆಲಸಗಾರ ಕೆಲಸಗಾರನನ್ನು ಮೆಚ್ಚುವ ಹಾಗೆ ಒಂದು ಕ್ಷಣ ಮೆಚ್ಚಿಕೊಂಡ.

ಆ ಸಂಜೆಯೇ ಹೇಳಿಬಿಡಬೇಕು ಅಂತ ಮನೆಗೆ ಹೋದ. ಅಕ್ಕ ಬಾಗಿಲು ತೆಗೆದಳು. ಕೈಯಲ್ಲಿ ಮಗಳ ಶಾಲೆಯ ಭೂಪಟ, ಹೋಗುವ ಊರಿನ ಮೇಲೆ ಸೀಮೆಸುಣ್ಣದ ಗುರುತು. ಆಸ್ಪತ್ರೆಯ ಲಿನನ್ ರೂಮಿನಲ್ಲಿ ಹರಿದ ಚಾದರ, ದಿಂಬಿನ ಚೀಲ, ಆಪರೇಷನ್ ಗೌನುಗಳನ್ನು ರಿಪೇರಿ ಮಾಡುವವಳು ಅವಳು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೂತು ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಅಭ್ಯಾಸ. ಮನೆಯಲ್ಲೂ ಏನು ಕಂಡರೂ ಸುತ್ತು ಹಾಕುತ್ತಾಳೆ. “ಫಾರಂ ಕೊಟ್ಟಾಯ್ತಾ?” ಅಂದಳು. “ಕೊಟ್ಟಾಯ್ತು,” ಅಂದ. ಅದು ಸುಳ್ಳಲ್ಲ. “ನನ್ನದು ಪಾಸ್‌ಪೋರ್ಟೇ ಇಲ್ವಲ್ಲೋ,” ಅಂದಳು. ಆಗ ಹೇಳಬಹುದಿತ್ತು. ಅದರ ಬದಲು ಅವನು, “ಮಾಡಿಸೋಣ ಬಿಡು,” ಅಂದ. ಪಾಸ್‌ಪೋರ್ಟು ಯಾರಿಗೆ ಬೇಕಾದರೂ ಮಾಡಿಸಬಹುದು, ಇದ್ದರೆ ನಷ್ಟವಿಲ್ಲ, ಆ ಕಚೇರಿಯ ಸಾಲಿನಲ್ಲಿ ನಿಂತಾಗ ಮಾತು ತೆಗೆದರಾಯಿತು ಅಂತ ಅವನ ಲೆಕ್ಕ. ಸಾಲಿನಲ್ಲಿ ಎರಡೂವರೆ ಗಂಟೆ ನಿಂತರು. ಅಕ್ಕ ಹಿಂದಿನವರಿಗೂ ಮುಂದಿನವರಿಗೂ ತಮ್ಮನ ಸಂಸಾರದ ಜೊತೆ ಹೋಗುತ್ತಿದ್ದೇನೆ ಅಂತ ಹೇಳಿದಳು. ಹುಟ್ಟಿದ ಊರು, ತಂದೆಯ ಹೆಸರು, ಮೈಮೇಲಿನ ಗುರುತು ಎಲ್ಲ ಬರೆಸಿದ್ದಾಯಿತು. ಫೋಟೋದಲ್ಲಿ ನಗಬಾರದು ಅಂದರೂ ನಕ್ಕು, ಮೂರು ಸಲ ತೆಗೆಸಿಕೊಳ್ಳಬೇಕಾಯಿತು.

ಹೀಗೆ ಒಂದೊಂದು ಸಲ ಹೇಳಲು ಹೋದಾಗಲೂ ಅವನು ಅಕ್ಕನ ಪ್ರಯಾಣಕ್ಕೆ ಒಂದೊಂದು ಏರ್ಪಾಡು ಮಾಡಿಕೊಂಡು ಬಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವನಿಗೆ ಕೊನೆಗೆ ಹಾವಿಗೆ ದಿನಾ ಹಾಲೆರೆಯುವ ಕೆಲಸ ಗಂಟು ಬೀಳುತ್ತದೆ. ದಪ್ಪ ಕೋಟಿನ ಅಂಗಡಿಗೆ ಕರೆದುಕೊಂಡು ಹೋದ, ಅಲ್ಲಿ ಅಳತೆ ಕೊಡುತ್ತಾ ನಿಂತ ಅವಳಿಗೆ ಹೇಳಲಾಗಲಿಲ್ಲ, ಕೋಟು ಹೊಲಿಸಿದ. ಅವಳ ಕನ್ನಡಕಕ್ಕೆ ಹೊಸ ನಂಬರು ಹಾಕಿಸಿದ. ಆಮೇಲೆ ಹಲ್ಲು. ಆ ದೇಶದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ದಿನ ಸಿಗುವುದೇ ಕಷ್ಟ, ಎಲ್ಲ ಇಲ್ಲೇ ಮುಗಿಸಿಕೊಂಡು ಹೋಗಿ ಅಂತ ಏಜೆಂಟು ಹೇಳಿದ್ದು ಹೋಗುವ ಮೂವರಿಗೆ. ಅವನು ಅದನ್ನು ಊಟದ ಹೊತ್ತಲ್ಲಿ ಬಾಯ್ತಪ್ಪಿ ಅಕ್ಕನ ಮುಂದೆ ಆಡಿದ. ಅಕ್ಕನಿಗೆ ಹಿಂದಿನ ದವಡೆಯಲ್ಲಿ ಎರಡು ಹುಳುಕು ಹಲ್ಲು. ಎಷ್ಟೋ ವರ್ಷದಿಂದ ನೋಯದೆ ತಮ್ಮಷ್ಟಕ್ಕೆ ತಾವಿದ್ದುವು. “ಅಲ್ಲಿ ಹೋಗಿ ನಿಮಗೆ ತೊಂದರೆ ಕೊಡೋದು ಬೇಡ,” ಅಂತ ಅವಳೇ ಹೊರಟಳು. ಅವನು ಕಾಯುವ ಕೋಣೆಯಲ್ಲಿ ಕೂತ. ಒಳಗಿನಿಂದ ಯಂತ್ರದ ಸದ್ದು ಬರುತ್ತಿತ್ತು. ಈಗ ಎದ್ದು ಬಾಗಿಲು ತಳ್ಳಿ, ಡಾಕ್ಟರೇ ನಿಲ್ಲಿಸಿ, ಕೀಳುವ ಅಗತ್ಯವಿಲ್ಲ ಅಂದರೆ ಎರಡು ಹಲ್ಲು ಉಳಿಯುತ್ತವೆ ಅಂತ ಸ್ಪಷ್ಟವಾಗಿ ಅನ್ನಿಸಿತು. ಎದ್ದ ಕೂಡ. ಎದ್ದು ಎದುರಿನ ಗೋಡೆಯ ಮೇಲಿನ ಹಲ್ಲುಜ್ಜುವ ವಿಧಾನದ ಚಿತ್ರವನ್ನು ಮೇಲಿನಿಂದ ಕೆಳಗಿನ ತನಕ ಓದಿದ. ಅಕ್ಕ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದಾಗ ಅವಳ ಕೆನ್ನೆ ಊದಿ, ಕಣ್ಣು ಸಣ್ಣದಾಗಿ, ಆಟದಲ್ಲಿ ಬಿದ್ದು ಬಂದ ಹುಡುಗಿಯ ಹಾಗೆ ಕಂಡಳು. ಆ ವಾರವಿಡೀ ಅವಳಿಗೆ ಅಗಿಯಲಾಗಲಿಲ್ಲ. ಸಾಮಾನಿನ ಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ ಆ ಎರಡು ಹಲ್ಲು ಮೊದಲೇ ಆಗಿದ್ದ ಪೆಟ್ಟಲ್ಲ, ನಮ್ಮ ಕೈಯಲ್ಲಿದ್ದಾಗ ಆದದ್ದು. ಮನೆಯಲ್ಲಿ ಹೋಗುವವರ ಪೆಟ್ಟಿಗೆ ಇನ್ನೂ ಅರ್ಧ ತುಂಬಿರಲಿಲ್ಲ. ಮಗಳ ಶಾಲೆಯ ಕಾಗದ ಬಂದಿರಲಿಲ್ಲ, ಹೆಂಡತಿಯ ಕನ್ನಡಕ ಹಳೆಯದೇ ಇತ್ತು. ಹೋಗದವಳ ತಯಾರಿ ಮಾತ್ರ ಏನೇನೂ ಕುಂದಿಲ್ಲದ ಹಾಗೆ ಮುಗಿದಿತ್ತು.

ಮಗಳಿಗೆ ಎಲ್ಲ ಗೊತ್ತಿತ್ತು. ಅತ್ತೆಗೆ ಹೇಳಬೇಡ, ಅಪ್ಪ ಹೇಳ್ತಾರೆ ಅಂತ ತಾಯಿ ತಾಕೀತು ಮಾಡಿದ್ದಳು. ಬಾಯಿ ಜಾರೀತು ಅನ್ನುವ ಭಯಕ್ಕೆ ಮಗು ಅತ್ತೆಯ ಜೊತೆ ಮಾತಾಡುವುದನ್ನೇ ಬಿಟ್ಟಿತ್ತು. ಅವಳು ಪಕ್ಕದಲ್ಲಿ ಬಂದು ಕೂತರೆ ಎದ್ದು ಹೋಗುತ್ತಿತ್ತು. “ಹೊಸ ಊರು ಅಂದ್ರೆ ಮಗೂಗೆ ಹೆದರಿಕೆ ಕಣೋ, ಪಾಪ, ನನ್ನ ಹತ್ರ ಮೊದಲಿನ ಹಾಗೆ ಬರೋದೇ ಇಲ್ಲ,” ಅಂತ ಅಕ್ಕ ಅವನಿಗೇ ಹೇಳಿ, “ಅಲ್ಲಿ ಹೋದ ಮೇಲೆ ಸರಿಹೋಗುತ್ತೆ,” ಅಂತ ಅವನಿಗೇ ಸಮಾಧಾನವನ್ನೂ ಹೇಳಿದ್ದಳು. ಅವಳು ಮುಂದೆ ಇರಬೇಕಾದ ಜಾಗವನ್ನೂ ಅವನು ನೋಡಿಟ್ಟಿದ್ದ. ಚಿಕ್ಕಮ್ಮನ ಮಗಳ ಮನೆಯ ಮಹಡಿಯಲ್ಲಿ ಒಂದು ಕೋಣೆ, ಗಾಳಿ ಬೆಳಕು ಚೆನ್ನಾಗಿದೆ, ಬಸ್ಸಿಗೆ ಹತ್ತಿರ. ಕೋಣೆಯ ಬಾಗಿಲಿನ ಅಗಲ ಅಳೆದು, ಅಕ್ಕನ ಹೊಲಿಗೆ ಯಂತ್ರ ಹಿಡಿಯುತ್ತದೆ ಅಂತ ಖಾತ್ರಿ ಮಾಡಿಕೊಂಡು ಬಂದಿದ್ದ. ಅಕ್ಕನಿಗೆ ಹೇಳುವುದೊಂದು ಬಾಕಿ.

ಆದರೆ ರಾಜೀನಾಮೆಗೆ ಅವನ ಹತ್ತಿರ ಸಬೂಬು ಇರಲಿಲ್ಲ. ತಿಂಗಳ ಹಿಂದೆ ಒಂದು ಭಾನುವಾರ ಅಕ್ಕ, “ಕೆಲಸಕ್ಕೆ ಒಂದು ತಿಂಗಳು ಮುಂಚೆ ಕಾಗದ ಕೊಡ್ಬೇಕಂತೆ, ಕೊಟ್ಬಿಡ್ಲಾ?” ಅಂತ ಕೇಳಿದಳು. ಕೇಳಿದ್ದಳು, ಅದೇ ಮುಖ್ಯ. ಕೇಳದೆ ಕೊಟ್ಟಿದ್ದರೆ ಅವನು ಇಷ್ಟು ಹೊತ್ತಿಗೆ ತನ್ನನ್ನು ಕ್ಷಮಿಸಿಕೊಂಡಿರುತ್ತಿದ್ದ. ಅವನು ಶೂಗೆ ಪಾಲಿಶ್ ಹಾಕುತ್ತಿದ್ದವನು ಬ್ರಷ್ಷು ನಿಲ್ಲಿಸದೆ, “ನಿನ್ನಿಷ್ಟ,” ಅಂದ. ಆ ಮಾತಿಗೆ ಒಳಗೊಳಗೇ ಒಂದು ಆಧಾರವನ್ನೂ ಕಟ್ಟಿಕೊಂಡಿದ್ದ: ನೌಕರಿ ಇದೆ ಅನ್ನುವುದೇ ಏಜೆಂಟನ ತಕರಾರಾದರೆ, ನೌಕರಿ ಹೋದ ಮೇಲೆ ಅಕ್ಕನೂ ಅವಲಂಬಿತಳಾಗುವುದಿಲ್ಲವೇ? ಮರುದಿನ ಫೋನ್ ಮಾಡಿ ಕೇಳಿದ. ಏಜೆಂಟು ನಕ್ಕ. “ಸಾರ್, ನೀವೇ ಅಲ್ಲಿ ಹೆಂಡತಿ ಕೈ ಕೆಳಗೆ ಹೋಗ್ತಿರೋರು. ನಿಮ್ಮ ಕೈ ಕೆಳಗೆ ಇನ್ನೊಬ್ಬರು ಹೇಗೆ ಸಾರ್?” ಫೋನಿಟ್ಟ ಮೇಲೆ, ಕಾಗದ ವಾಪಸ್ ತಗೋ ಅಂತ ಅಕ್ಕನಿಗೆ ಹೇಳಲು ಇನ್ನೂ ಇಪ್ಪತ್ತೊಂಬತ್ತು ದಿನವಿತ್ತು. ಅಷ್ಟು ದಿನವಿದೆ ಅನ್ನುವುದೇ ಧೈರ್ಯವಾಗಿ, ಮೀನ ಮೇಷ ಎಣಿಸುತ್ತಾ ಇಪ್ಪತ್ತೆಂಟು ದಿನ ಕಳೆದ.

ಎರಡೂಮುಕ್ಕಾಲಿಗೇ ಆಸ್ಪತ್ರೆಗೆ ಬಂದ. ಹಿಂಬದಿಯ ಗೇಟು, ಬಾಯ್ಲರಿನ ಸದ್ದು, ಒದ್ದೆ ಬಟ್ಟೆ ಹೇರಿದ ತಳ್ಳುಗಾಡಿಗಳು. ಅಕ್ಕನನ್ನು ಮೆಟ್ಟಿಲ ಹತ್ತಿರ ಪಕ್ಕಕ್ಕೆ ಕರೆದು, ಕಣ್ಣು ಮುಚ್ಚಿಕೊಂಡು ಹೇಳಿಬಿಡುವುದು ಅಂತ ಬಸ್ಸಿನಲ್ಲಿ ವಾಕ್ಯ ಕೂಡ ಹೊಂದಿಸಿಕೊಂಡಿದ್ದ. ಅಕ್ಕ ಮೆಟ್ಟಿಲ ಮೇಲೆಯೇ ನಿಂತಿದ್ದಳು, ಇಸ್ತ್ರಿ ಮಾಡಿದ ನೀಲಿ ಬಟ್ಟೆಯಲ್ಲಿ, ಅವನು ತಡ ಮಾಡುತ್ತಾನೋ ಏನೋ ಅಂತ ದಾರಿ ನೋಡುತ್ತಾ. “ಬಾ ಬಾ, ಎಲ್ರೂ ನಿನ್ನೇ ಕೇಳ್ತಿದ್ದಾರೆ,” ಅಂತ ಕೈ ಹಿಡಿದು ಎಳೆದುಕೊಂಡೇ ಹೋದಳು. ಲಿನನ್ ರೂಮಿನ ಉದ್ದನೆಯ ಮಡಚುವ ಟೇಬಲ್ಲಿನ ಮೇಲೆ ಬಿಳಿ ಚಾದರ ಹಾಸಿ, ಕೇಕು, ಬಿಸ್ಕತ್ತು, ಕಾಗದದ ಲೋಟ ಇಟ್ಟಿದ್ದರು. ಇಪ್ಪತ್ತು ಇಪ್ಪತ್ತೈದು ಜನ. ಬಿಸಿ ಹಬೆಗೆ ಎಲ್ಲರ ಮುಖವೂ ಸದಾ ತೊಳೆದ ಹಾಗೆ. ಅವನಿಗೆ ಮುಂದಿನ ಸಾಲಿನಲ್ಲಿ, ಇನ್‌ಚಾರ್ಜ್ ಮೇಡಂ ಪಕ್ಕದಲ್ಲೇ ಕುರ್ಚಿ. ಕೂತ ಕೂಡಲೇ ಯಾರೋ ನೀರು ತಂದುಕೊಟ್ಟರು, ಅವನು ಗಟಗಟ ಕುಡಿದ. ಇಸ್ತ್ರಿ ಮಾಡುವವನು ಎದ್ದು, ತಾನು ಬಂದ ಹೊಸದರಲ್ಲಿ ಗೌನು ಸುಟ್ಟಾಗಲೆಲ್ಲ ಅಕ್ಕ ಅದನ್ನು ಯಾರಿಗೂ ಕಾಣದ ಹಾಗೆ ಹೊಲಿದು ತನ್ನ ಕೆಲಸ ಉಳಿಸಿದಳು ಅಂತ ಹೇಳುತ್ತಾ ಅತ್ತುಬಿಟ್ಟ. “ಇವರು ಹೋದ ಮೇಲೆ ನಾನು ಎಚ್ಚರವಾಗಿ ಇಸ್ತ್ರಿ ಮಾಡ್ಬೇಕಾಗುತ್ತೆ,” ಅಂದದ್ದಕ್ಕೆ ಎಲ್ಲರೂ ನಕ್ಕರು. ಆಮೇಲೆ ಉಡುಗೊರೆ ಬಂತು: ಒಂದು ದೊಡ್ಡ ಸೂಟ್‌ಕೇಸು. ಅದಕ್ಕೆ ಆಪರೇಷನ್ ಕೋಣೆಯ ಹಸಿರು ಬಟ್ಟೆಯಲ್ಲಿ ಹೊದಿಕೆ. ಒಬ್ಬೊಬ್ಬರು ಒಂದೊಂದು ಅಂಚು ಹೊಲಿದಿದ್ದರಂತೆ. ವಿಮಾನ ನಿಲ್ದಾಣದಲ್ಲಿ ನೂರು ಪೆಟ್ಟಿಗೆ ನಡುವೆಯೂ ಗುರುತು ಸಿಗಬೇಕು ಅಂತ. ಅವನ ಕಸುಬಿನ ಕಣ್ಣು ತಾನಾಗಿಯೇ ಅದರ ಮೇಲೆ ಓಡಿತು. ಹೊಸದು, ಗೀರಿಲ್ಲ, ಮುಕ್ಕಿಲ್ಲ. ಬರೆಯಲು ಏನೂ ಇಲ್ಲ.

ಅಕ್ಕನ ಭಾಷಣ ಎರಡೇ ಮಾತು. “ನನಗೆ ಮಾತು ಬರಲ್ಲ. ಹರಿದಿದ್ದು ಏನಾದ್ರೂ ಇದ್ರೆ ಐದು ಗಂಟೆ ಒಳಗೆ ಕೊಡಿ.” ನಕ್ಕು ಕೂತಳು; ನಗುವಾಗ ಹಿಂದಿನ ದವಡೆಯ ಖಾಲಿ ಜಾಗ ಕಂಡಿತು. ಆಮೇಲೆ ಇನ್‌ಚಾರ್ಜ್, “ತಮ್ಮ ಒಂದೆರಡು ಮಾತಾಡ್ಬೇಕು,” ಅಂದರು. ಅವನು ಬೇಡ ಬೇಡ ಅಂದ. ಚಪ್ಪಾಳೆ ಶುರುವಾಯಿತು. ಎದ್ದು ನಿಂತ. ಬೆಳಿಗ್ಗೆಯ ಟೀಚರು ನೆನಪಾದರು, ಕನ್ನಡಕ ಒರೆಸಿಕೊಂಡು, ಒಳ್ಳೇದಾಯ್ತು ಬಿಡಿ ಅಂದದ್ದು. ಈಗ ಇಲ್ಲಿ, ಇಷ್ಟು ಜನರ ಮುಂದೆ, ನಿಂತಲ್ಲೇ ಹೇಳಿಬಿಟ್ಟರೆ? ಬಾಯಿ ತೆರೆದ. “ಅಕ್ಕ ಇಲ್ಲದ ಮನೆ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ,” ಅಂದ. ನಿಜವಾಗಿ ಅದು ಮುಂದಿನ ಮಾತಿಗೆ ಪೀಠಿಕೆಯಾಗಿತ್ತು. ಆದರೆ ಇಸ್ತ್ರಿಯವನು ಜೋರಾಗಿ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು, ಹಿಂದೆ ನಿಂತ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಆ ಚಪ್ಪಾಳೆಯ ಬಿಸಿಗೆ ಅವನ ನಾಲಿಗೆ ತಾನಾಗಿ ಮುಂದಕ್ಕೆ ಹೋಯಿತು. “ಅವಳನ್ನ ಬಿಟ್ಟು ಹೋಗೋದು ಅಂದ್ರೆ… ಅದು ಆಗೋ ಮಾತೇ ಅಲ್ಲ.” ಇದಕ್ಕೆ ಬಿದ್ದ ಚಪ್ಪಾಳೆ ಮೊದಲಿನದಕ್ಕಿಂತ ದೊಡ್ಡದು. ಕೂತ ಮೇಲೆ ಅವನಿಗೆ ತಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಅನ್ನಿಸಿ, ಇದೇ ಎಲ್ಲಕ್ಕಿಂತ ಹೇಯ ಅಂತಲೂ ಅನ್ನಿಸಿತು. ಕೇಕು ತಿಂದ. ಚೆನ್ನಾಗಿತ್ತು.

ಐದಕ್ಕೆ ಬಸ್ಸು ಹತ್ತಿದರು. ಸೂಟ್‌ಕೇಸು ಇಬ್ಬರ ಮೊಣಕಾಲಿನ ನಡುವೆ ನಿಂತಿತ್ತು. ಅಕ್ಕ ಹೊದಿಕೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ, ಇದು ಯಾರ ಕೈ, ಇದು ಯಾರ ಕೈ ಅಂತ ಹೇಳುತ್ತಿದ್ದಳು. ಹೊಲಿಗೆ ನೋಡಿದರೆ ಆಳು ಗೊತ್ತಾಗುತ್ತಿತ್ತು ಅವಳಿಗೆ. “ಇದು ನೋಡು, ಎಷ್ಟು ಅವಸರ. ಹೊಸ ಹುಡುಗೀದು.” ಸ್ವಲ್ಪ ಹೊತ್ತಾದ ಮೇಲೆ, “ಎಷ್ಟು ಚೆನ್ನಾಗಿ ಮಾತಾಡ್ದೆ ನೀನು. ನನಗೆ ಗೊತ್ತೇ ಇರ್ಲಿಲ್ಲ ನಿನಗೆ ಅಷ್ಟು ಮಾತು ಬರುತ್ತೆ ಅಂತ. ಇದು ದೊಡ್ಡದಾಯ್ತು ನನಗೆ, ನಿನ್ನ ಶರ್ಟೂ ಇದ್ರಲ್ಲೇ ಹಾಕೋಣ,” ಅಂದಳು.

“ಅಕ್ಕಾ, ನಿನ್ನ ಹೆಸರು ಹಾಕೋಕೆ ಆಗ್ಲಿಲ್ಲ,” ಅಂದ ಅವನು.

ಹೇಗೆ ಬಂತೋ ಬಂತು. ಹೊಂದಿಸಿಟ್ಟ ವಾಕ್ಯ ಅದಲ್ಲ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಯಾರಿಗೋ ಫೋನಿನಲ್ಲಿ ಮನೆಯ ಬೀಗದ ಕೈ ಎಲ್ಲಿದೆ ಅಂತ ವಿವರಿಸುತ್ತಿದ್ದಳು. ಅಕ್ಕನ ಬೆರಳು ಹೊಲಿಗೆಯ ಮೇಲೆ ನಿಂತಿತು.

“ಎಲ್ಲಿಗೆ ಹಾಕೋಕೆ?”

“ಫಾರಂಗೆ. ಅಕ್ಕಂದಿರಿಗೆ ಜಾಗ ಇಲ್ವಂತೆ ಅದ್ರಲ್ಲಿ. ಗಂಡ ಹೆಂಡ್ತಿ ಮಕ್ಕಳು ಅಷ್ಟೇ ಅಂತೆ.”

“ಯಾವಾಗ ಹೇಳಿದ್ರು?”

“ಎಂಟು ತಿಂಗಳಾಯ್ತು.”

ಅಕ್ಕ ಕಿಟಕಿಯ ಕಡೆ ನೋಡಿದಳು. ಅಳುತ್ತಾಳೆ ಅಂದುಕೊಂಡ. ಅತ್ತಿದ್ದರೆ ಅವನಿಗೆ ಏನು ಮಾಡಬೇಕು ಅಂತ ಗೊತ್ತಿತ್ತು; ಅಳುವ ಗಿರಾಕಿಗಳ ಎದುರು ತಲೆ ತಗ್ಗಿಸಿ ಬರೆಯುತ್ತಾ ಕೂತು ರೂಢಿ. ಆದರೆ ಅವಳು ಹರಿದ ಚಾದರವನ್ನು ಬೆಳಕಿಗೆ ಹಿಡಿದವಳ ಹಾಗೆ ಹುಬ್ಬು ಗಂಟಿಕ್ಕಿ, ಒಂದೊಂದೇ ಕೇಳತೊಡಗಿದಳು.

“ಪಾಸ್‌ಪೋರ್ಟು?”

“ಆಮೇಲೆ ಮಾಡಿಸಿದ್ದು.”

“ಕೋಟು?”

“ಅದೂ ಆಮೇಲೆ.”

“ಹಲ್ಲು?”

ಅವನು ಸೂಟ್‌ಕೇಸಿನ ಹಿಡಿ ಸರಿಮಾಡಿದ.

“ಹಲ್ಲು ಕಣೋ. ಹಲ್ಲು ಕೀಳ್ಸೋವಾಗ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಕೆಲಸಕ್ಕೆ ಕಾಗದ ಕೊಡ್ಲಾ ಅಂತ ನಿನ್ನೇ ಕೇಳ್ದೆ ನಾನು.”

“ಹೂಂ.”

“ಮಗೂಗೂ ಗೊತ್ತು, ಅಲ್ವಾ? ಅದಕ್ಕೇ ಹತ್ರ ಬರಲ್ಲ.” ಇದನ್ನು ಹೇಳುವಾಗ ಮಾತ್ರ ಅವಳ ದನಿ ಒಡೆಯಿತು. ಅವನು ಚಿಕ್ಕಮ್ಮನ ಮಗಳ ಮನೆ, ಮಹಡಿಯ ಕೋಣೆ, ಗಾಳಿ ಬೆಳಕು ಅಂತ ಶುರು ಮಾಡಿದ. ಹೊಲಿಗೆ ಯಂತ್ರ ಬಾಗಿಲಲ್ಲಿ ಹಿಡಿಯುತ್ತದೆ, ಅಳೆದಿದ್ದೇನೆ ಅಂದ. ಅಳೆದಿದ್ದೇನೆ ಅಂದದ್ದು ಕಿವಿಗೆ ಬಿದ್ದು ತಾನೇ ನಾಚಿ ನಿಲ್ಲಿಸಿದ. ಅಕ್ಕ ಎದ್ದು ಗಂಟೆಯ ಗುಂಡಿ ಒತ್ತಿದಳು. ಅದು ಅವರ ಸ್ಟಾಪಲ್ಲ. ಅವಳು ಇಳಿದಳು, ಅವನು ಸೂಟ್‌ಕೇಸು ಎತ್ತಿಕೊಂಡು ಹಿಂದೆ ಇಳಿದ. ಅವಳು ಬಂದ ದಾರಿಯಲ್ಲೇ ವಾಪಸ್ ನಡೆಯತೊಡಗಿದ್ದಳು. ಅಕ್ಕಾ, ಅಕ್ಕಾ ಅಂತ ಎರಡು ಸಲ ಕೂಗಿದ. ಹೊಸ ಸೂಟ್‌ಕೇಸು ಹಿಡಿದು ಹೆಂಗಸೊಬ್ಬಳ ಹಿಂದೆ ಓಡುವ ಗಂಡಸನ್ನು ಜನ ನೋಡುತ್ತಿದ್ದರು, ಅದಕ್ಕೆ ಮೂರನೆಯ ಸಲ ಕೂಗಲಿಲ್ಲ. ಮೂರು ಸ್ಟಾಪಿನಷ್ಟು ದೂರ ಅವಳು ಒಮ್ಮೆಯೂ ತಿರುಗಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳುತ್ತಾಳೆ ಅಂತ ಅವನಿಗೆ ಖಾತ್ರಿಯಾಯಿತು. ಹೇಳಲೇಬೇಕು, ಅವಳ ಹಕ್ಕು. ಚಪ್ಪಾಳೆ ತಟ್ಟಿದ ಇಪ್ಪತ್ತೈದು ಜನರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಇಸ್ತ್ರಿಯವನು ಕೈ ಮಾಡಿದರೂ ಮಾಡಬಹುದು. ಇಷ್ಟಾದರೂ ಅವನಿಗೆ ಅಕ್ಕನ ಮುಂದಿನ ಗತಿಯ ಚಿಂತೆಗಿಂತ, ಎರಡು ತಾಸಿನ ಹಿಂದೆ ತಾನು ಆಡಿದ ಮಾತನ್ನು ಅವರೆಲ್ಲ ನೆನಪಿಸಿಕೊಳ್ಳುತ್ತಾರೆ ಅನ್ನುವುದೇ ಹೆಚ್ಚು ಚುಚ್ಚುತ್ತಿತ್ತು.

ಲಿನನ್ ರೂಮಿನಲ್ಲಿ ಇನ್‌ಚಾರ್ಜ್, ಇಸ್ತ್ರಿಯವನು, ಮತ್ತಿಬ್ಬರು ಹೆಂಗಸರು ಕಾಗದದ ಲೋಟ ಬಳಿದು ಚೀಲಕ್ಕೆ ತುಂಬುತ್ತಿದ್ದರು. ಅವನು ಹೊಸ್ತಿಲಲ್ಲೇ ನಿಂತ.

“ಏನಾದ್ರೂ ಮರೆತ್ರಾ?” ಅಂದರು ಇನ್‌ಚಾರ್ಜ್.

“ಮೇಡಂ, ನಾನು ಹೋಗ್ತಾ ಇಲ್ಲ. ನಾಳೆಯಿಂದ ಕೆಲಸಕ್ಕೆ ಬರಬಹುದಾ?”

“ಏನ್ರೀ ಇದು, ಈಗ ತಾನೇ ಕೇಕ್ ಕತ್ತರಿಸಿದ್ವಿ!”

“ನನ್ನಿಂದ ತೊಂದರೆ ಆಯ್ತು. ಬಸ್ಸಲ್ಲಿ ಕೂತ ಮೇಲೆ ಯೋಚನೆ ಬಂತು, ಈ ವಯಸ್ಸಲ್ಲಿ ಭಾಷೆ ಬರದ ಊರಿಗೆ ಹೋಗಿ ಏನು ಮಾಡ್ಲಿ ಅಂತ. ನಾನೇ ಬೇಡ ಅಂದೆ.”

ಅವನಿಗೆ ಮೊದಲು ಆದದ್ದು ನೆಮ್ಮದಿ. ಮೈಯೆಲ್ಲ ಸಡಿಲವಾಗಿ, ಎಂಟು ತಿಂಗಳಲ್ಲಿ ಮೊದಲ ಸಲ ಪೂರ್ತಿ ಉಸಿರು ಎಳೆದುಕೊಂಡ. ಅವಳು ಹಾಗೆ ಹೇಳಿದ್ದು ತನ್ನ ಮಾನ ಉಳಿಸಲೋ, ಅವಳದನ್ನು ಉಳಿಸಿಕೊಳ್ಳಲೋ ಅಂತ ಅನ್ನಿಸಿದ್ದು ಆಮೇಲೆ. ಇನ್‌ಚಾರ್ಜ್ ಹಣೆ ಒತ್ತಿಕೊಂಡರು. “ನಿಮ್ಮ ರಾಜೀನಾಮೆ ಕಾಗದ ಸಹಿಯಾಗಿ ನಾಲ್ಕು ಗಂಟೆಗೇ ಮೇಲಕ್ಕೆ ಹೋಯ್ತಲ್ರೀ. ಮೂವತ್ತೊಂದು ವರ್ಷದ ಸರ್ವಿಸು ಅಲ್ಲಿಗೆ ಮುಗೀತು. ಈಗ ತಗೊಂಡ್ರೂ ದಿನಗೂಲಿ ಮೇಲೆ, ಹೊಸಬರ ಥರ. ಮೊದಲು ಮಡಚೋ ಟೇಬಲ್ಲಿಗೇ ಹಾಕ್ತಾರೆ, ಹೊಲಿಗೆಗಲ್ಲ.”

“ಆಗ್ಲಿ ಮೇಡಂ.”

“ಅಕ್ಕಾ, ನಿಮಗೇನು ತಲೆ ಕೆಟ್ಟಿದೆಯಾ?” ಇಸ್ತ್ರಿಯವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಒಡಹುಟ್ಟಿದೋರು ನೀರು ಕೇಳಿದ್ರೆ ಕೊಡದ ಕಾಲ ಇದು. ಎಲ್ಲರ ಮುಂದೆ ಎದ್ದು ನಿಂತು ಏನಂದ್ರು ಕೇಳಿಸ್ಕೊಂಡ್ರಲ್ಲ? ಅಂಥ ತಮ್ಮನ ಮನಸ್ಸು ಮುರೀತೀರಲ್ಲ!” ಹೊಸ್ತಿಲಿಗೆ ಬಂದು ಅವನ ಕೈಯಿಂದ ಸೂಟ್‌ಕೇಸು ತೆಗೆದುಕೊಂಡ, ಹೆಗಲ ಮೇಲೆ ಕೈಯಿಟ್ಟ. “ಸಾರ್, ನೀವಾದ್ರೂ ಹೇಳಿ ಸಾರ್.”

ಎಲ್ಲರೂ ಅವನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು. ಬಸ್ಸಿಳಿದ ಮೇಲೆ ಅವಳು ಅವನ ಮುಖ ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ಕೋಪವಿರಲಿಲ್ಲ, ಅವಳು ಕಾಯುತ್ತಿದ್ದಳು, ಅಷ್ಟೆ. ನಾಲ್ಕು ಮಾತು ಆಡಿದರೆ ಸಾಕಿತ್ತು. ಇನ್‌ಚಾರ್ಜ್ ಮೇಲಿನವರ ಹತ್ತಿರ ಹೋಗಿ, ಪಾಪ, ತಮ್ಮನಿಂದ ಮೋಸಹೋದವಳು ಅಂತ ಹೇಳಿದ್ದರೆ ಆ ಕಾಗದ ವಾಪಸ್ ಬಂದರೂ ಬರುತ್ತಿತ್ತು. ಅದೂ ಅವನಿಗೆ ಹೊಳೆಯಿತು; ಹೊಳೆಯಲಿಲ್ಲ ಅಂತ ಮುಂದೆ ಯಾವತ್ತೂ ಅಂದುಕೊಳ್ಳುವ ಹಾಗಿಲ್ಲದಷ್ಟು ಸ್ಪಷ್ಟವಾಗಿ ಹೊಳೆಯಿತು.

“ನಾನೂ ಎಷ್ಟೋ ಹೇಳ್ದೆ,” ಅಂದ ಅವನು. ದನಿ ತಕ್ಕಷ್ಟು ನಡುಗಿತು. “ಕೇಳಲ್ಲ.”

ಇನ್‌ಚಾರ್ಜ್ ಲೊಚಗುಟ್ಟಿದರು. ಇಸ್ತ್ರಿಯವನು ಅವನ ಬೆನ್ನು ಸವರಿದ.

“ಹೌದು,” ಅಂದಳು ಅಕ್ಕ. “ಎಂಟು ತಿಂಗಳಿಂದ ಹೇಳ್ತಾನೇ ಇದ್ದಾನೆ, ಪಾಪ.”